ಹೊಟ್ಟೆಯೊಳಗಿನ ಬೂಷ್ಟು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಮನೆಮನೆಗಳಲ್ಲಿ ಕಂಡುಬರುವ ವ್ಯಾಧಿಗಳನ್ನೇ ಆಯ್ದುಕೊಳ್ಳುವುದು ವಾಡಿಕೆ. ಸಿಹಿಮೂತ್ರ, ರಕ್ತದೊತ್ತಡ, ಮಂಡಿನೋವು, ಮಕ್ಕಳ ಭೇದಿ, ಇಂಥವುಗಳನ್ನು ಬಿಟ್ಟು ವೈದ್ಯರು ಸಹ ತಮ್ಮ ವೃತ್ತಿಜೀವನದಲ್ಲಿ ಒಂದೋ ಎರಡೋ ಸಲ ಮಾತ್ರ ಕಾಣಬಹುದಾದ ಒಂದು ರೋಗವನ್ನು ಈ ತಿಂಗಳು ಕೈಗೆತ್ತಿಕೊಂಡಿದ್ದೇವೆ. ಅದೆಂದರೆ ಅತಿಯಾಗಿ ಮದ್ಯ ಸೇವಿಸುವವರ ಅನ್ನನಾಳ, ಜಠರ, ಕರುಳುಗಳನ್ನು ಹೊಕ್ಕು, ಅಲ್ಲಿಯ ಮಾಂಸವನ್ನೇ ಕೊರೆದು ಒಳಸೇರುವ ಶಿಲೀಂಧ್ರಗಳ ಸೋಂಕು. ಇಷ್ಟು ವಿರಳವಾದುದನ್ನು ಗೃಹಸ್ಥರ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ರೋಗವು ವಿರಳವಾದರೂ ಅದಕ್ಕೆ ದಾರಿ ಮಾಡಿಕೊಡುವ ಸಂಗತಿಗಳು ವಿರಳವಲ್ಲ. ಅವು ನಮ್ಮ ಓಣಿಗಳಲ್ಲಿ, ನಮ್ಮ ಬಂಧುವರ್ಗದಲ್ಲಿ, ನಾವು ಬಾಯಿಬಿಟ್ಟು ಹೇಳಲೊಲ್ಲದ ಮನೆಗಳಲ್ಲಿ ದಿನನಿತ್ಯ ನಡೆಯುತ್ತಿರುವಂಥವು.

ಶಿಲೀಂಧ್ರವೆಂದರೆ ಬೇರೇನೂ ಅಲ್ಲ; ನಾವು ಬೂಸು, ಬೂಷ್ಟು ಎಂದು ಕರೆಯುವುದು ಅದರದೇ ಒಂದು ರೂಪ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಉಪ್ಪಿನಕಾಯಿಯ ಭರಣಿಯ ಬಾಯಲ್ಲಿ, ಮರೆತುಹೋದ ತಂಗಳ ರೊಟ್ಟಿಯ ಮೇಲೆ, ಚೀಲದ ತಳದ ಶೇಂಗಾದಲ್ಲಿ ಬೆಳ್ಳಗೆ, ಹಸುರಾಗಿ, ಕರ್ರಗೆ ಹಬ್ಬಿಕೊಳ್ಳುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಅದರ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಗಾಳಿಯಲ್ಲಿ, ಮಣ್ಣಿನಲ್ಲಿ, ಗೊಬ್ಬರದಲ್ಲಿ, ಧಾನ್ಯದ ಧೂಳಿನಲ್ಲಿ ಸದಾಕಾಲ ಇರುತ್ತವೆ. ನಮ್ಮ ಬೈರಿದೇವರಕೊಪ್ಪದ ನೆರೆಯಲ್ಲೇ ಇರುವ ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮೆಣಸಿನಕಾಯಿ, ಶೇಂಗಾ, ಕಾಳುಕಡಿಗಳ ಚೀಲ ಹೊರುವ ಹಮಾಲರೂ, ದಲಾಲಿ ಅಂಗಡಿಯ ಗಾದಿಯ ಮೇಲೆ ಕುಳಿತ ಸಾಹುಕಾರರೂ, ಪೇಟೆಗೆ ಮಾಲು ತಂದ ರೈತರೂ ದಿನಕ್ಕೆ ಅದೆಷ್ಟೋ ಬೀಜಾಣುಗಳನ್ನು ಉಸಿರಿನೊಡನೆ ಎಳೆದುಕೊಳ್ಳುತ್ತಾರೆ, ಅನ್ನದೊಡನೆ ನುಂಗುತ್ತಾರೆ. ಆದರೂ ಅವರಿಗೆ ಏನೂ ಆಗುವುದಿಲ್ಲ. ಜಠರದ ಆಮ್ಲವು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ; ಒಳಗಿನ ಲೋಳೆಪೊರೆಯು ಗೋಡೆಯಂತೆ ನಿಲ್ಲುತ್ತದೆ; ಎಲ್ಲಿಯಾದರೂ ಒಂದೆರಡು ಗೋಡೆ ದಾಟಿದರೆ ರಕ್ತದಲ್ಲಿನ ಬಿಳಿ ಕಣಗಳು ಅವುಗಳನ್ನು ಹಿಡಿದು ನುಂಗಿಬಿಡುತ್ತವೆ. ಭಗವಂತನು ದೇಹಕ್ಕೆ ಇತ್ತ ಈ ಕಾವಲು ಎಷ್ಟು ಸಮರ್ಥವಾದುದೆಂದರೆ, ಅದು ಇದೆಯೆಂಬುದೇ ನಮಗೆ ಗೊತ್ತಾಗುವುದಿಲ್ಲ.

ಮದ್ಯವು ಈ ಕಾವಲನ್ನು ಒಂದು ಬದಿಯಿಂದಲ್ಲ, ನಾಲ್ಕೂ ಬದಿಯಿಂದ ಕೆಡವುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಕುಡಿತವೆಂದರೆ ಕೇವಲ ಯಕೃತ್ತಿಗೆ ಸಂಬಂಧಿಸಿದ ಕೇಡು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಮೊದಲನೆಯದಾಗಿ, ಮದ್ಯವು ತಾಗಿದಲ್ಲೆಲ್ಲ ಲೋಳೆಪೊರೆಯನ್ನು ಸುಟ್ಟು ಕೆರೆದು ಸಣ್ಣ ಸಣ್ಣ ಹುಣ್ಣುಗಳನ್ನುಂಟುಮಾಡುತ್ತದೆ. ಗೋಡೆಯಲ್ಲಿ ಬಿರುಕು ಬಿದ್ದಂತಾಯಿತು. ಎರಡನೆಯದಾಗಿ, ದಿನವೂ ಕುಡಿಯುವವನು ಊಟ ಬಿಡುತ್ತಾನೆ. ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲರಿಯಷ್ಟು ಶಕ್ತಿಯಿದೆ; ಆದುದರಿಂದ ಹಸಿವು ಕಾಣದು. ಆದರೆ ಆ ಶಕ್ತಿಯೊಡನೆ ಪ್ರೋಟೀನು ಬರುವುದಿಲ್ಲ, ಜೀವಸತ್ವ ಬರುವುದಿಲ್ಲ. ಬಿಳಿ ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆಯನ್ನೇ ಮದ್ಯವು ಕುಗ್ಗಿಸುತ್ತದೆ; ಹುಟ್ಟಿದ ಕಣಗಳಾದರೂ ಸೋಂಕು ತಗುಲಿದ ಸ್ಥಳಕ್ಕೆ ಧಾವಿಸುವ ಚುರುಕನ್ನು ಕಳೆದುಕೊಳ್ಳುತ್ತವೆ. ಕಾವಲುಗಾರರು ಕಡಿಮೆಯಾದರು, ಇದ್ದವರೂ ತೂಕಡಿಸತೊಡಗಿದರು.

ಮೂರನೆಯದು ಬಹಳ ಜನರಿಗೆ ತಿಳಿಯದ ಸಂಗತಿ. ಕರುಳು ಆಹಾರದಿಂದ ಎಷ್ಟು ಕಬ್ಬಿಣವನ್ನು ಹೀರಬೇಕೆಂಬುದನ್ನು ನಿರ್ಧರಿಸುವ ಒಂದು ರಸವನ್ನು ಯಕೃತ್ತು ಉತ್ಪಾದಿಸುತ್ತದೆ. ಅತಿಯಾದ ಮದ್ಯಸೇವನೆಯಿಂದ ಆ ರಸ ಕಡಿಮೆಯಾಗಿ, ದೇಹದಲ್ಲಿ ಬೇಡದಷ್ಟು ಕಬ್ಬಿಣ ಸಂಚಯವಾಗುತ್ತದೆ. ಕೆಲವು ಬಗೆಯ ಶಿಲೀಂಧ್ರಗಳಿಗೆ ಕಬ್ಬಿಣವೇ ಪರಮಾನ್ನ. ಇನ್ನು ನಾಲ್ಕೈದು ದಿನ ಬಿಡದೆ ಕುಡಿದು, ಬಳಿಕ ವಾಂತಿಯಿಂದ ಬಳಲಿ ಅನ್ನ ಮುಟ್ಟದೆ ಬಿದ್ದುಕೊಂಡವನ ರಕ್ತದಲ್ಲಿ ಆಮ್ಲಾಂಶ ಏರುತ್ತದೆ. ಆಗ ರಕ್ತದಲ್ಲಿ ಕಬ್ಬಿಣವನ್ನು ಬಿಗಿಹಿಡಿದಿರುವ ಸಸಾರಜನಕವು ಹಿಡಿತ ಸಡಿಲಿಸಿ ಅದನ್ನು ಬಿಟ್ಟುಕೊಡುತ್ತದೆ. ಬೂಷ್ಟಿಗೆ ಎಲೆ ಹಾಕಿ ಬಡಿಸಿದಂತಾಯಿತು. ಮುಖ ಬಿಳಿಚಿದೆಯೆಂದು, ರಕ್ತ ಕಡಿಮೆಯಾಗಿದೆಯೆಂದು ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ಕುಡುಕನಿಗೆ ತಾವಾಗಿಯೇ ನುಂಗಿಸುವ ಮನೆಮಂದಿ ಇದನ್ನು ಗಮನಿಸಬೇಕು. ರಕ್ತಪರೀಕ್ಷೆ ಮಾಡಿಸದೆ ಆ ಮಾತ್ರೆ ಸಲ್ಲದು.

ನಾಲ್ಕನೆಯ ಬದಿ ನಾವೇ ತೆರೆದುಕೊಡುವಂಥದು. ಅದನ್ನು ಮುಂದೆ ಹೇಳುತ್ತೇವೆ.

ಈ ಸೋಂಕುಗಳಲ್ಲಿ ಸೌಮ್ಯವಾದುದೂ ತಕ್ಕಮಟ್ಟಿಗೆ ಸಾಮಾನ್ಯವಾದುದೂ ಕ್ಯಾಂಡಿಡಾ ಎಂಬ ಶಿಲೀಂಧ್ರದ್ದು. ಇದು ಹೊರಗಿನಿಂದ ಬರಬೇಕಾದುದಿಲ್ಲ. ಆರೋಗ್ಯವಂತರ ಬಾಯಿ, ಕರುಳುಗಳಲ್ಲಿಯೇ ಸದ್ದಿಲ್ಲದೆ ವಾಸವಾಗಿರುತ್ತದೆ. ದೇಹ ಸೋತಾಗ ಅನ್ನನಾಳದ ಒಳಗೋಡೆಯ ಮೇಲೆ ಮೊಸರು ಚೆಲ್ಲಿದಂತೆ ಬಿಳಿಯ ಪದರಗಳಾಗಿ ಬೆಳೆಯುತ್ತದೆ. ತುತ್ತು ಇಳಿಯುವಾಗ ಎದೆಯ ನಡುವೆ ಕೊಯ್ದಂತಹ ನೋವು ಇದರ ಮುಖ್ಯ ಲಕ್ಷಣ. ಬೇಗ ಗುರುತಿಸಿದರೆ ಎರಡು ಮೂರು ವಾರಗಳ ಮಾತ್ರೆಯಿಂದ ಗುಣವಾಗುತ್ತದೆ. ಅಲಕ್ಷಿಸಿದರೆ ಪದರವು ಪದರವಾಗಿ ಉಳಿಯದೆ ಒಳಕ್ಕೆ ಬೇರಿಳಿಸಬಹುದು.

ನಾವು ಮುಖ್ಯವಾಗಿ ಹೇಳಹೊರಟಿರುವುದು ಇದಕ್ಕಿಂತ ಉಗ್ರವಾದ ಮ್ಯೂಕರ್ ವರ್ಗದ ಶಿಲೀಂಧ್ರಗಳನ್ನು ಕುರಿತು. ಹಳಸಿದ ಬ್ರೆಡ್ಡಿನ ಮೇಲೆ ಹತ್ತಿಯಂತೆ ಎದ್ದು ತುದಿಯಲ್ಲಿ ಕರಿ ಚುಕ್ಕೆ ಹೊತ್ತಿರುತ್ತದಲ್ಲವೆ, ಆ ಕುಲಕ್ಕೆ ಸೇರಿದ್ದು. ಇದು ಮನುಷ್ಯನ ದೇಹದೊಳಗೆ ಬೆಳೆದು ಪ್ರಾಣ ತೆಗೆಯಬಲ್ಲದೆಂಬುದನ್ನು 1885ರಲ್ಲಿ ಪಾಲ್ಟಾಫ್ ಎಂಬ ರೋಗಶಾಸ್ತ್ರಜ್ಞನು ಮೊದಲಾಗಿ ವರದಿಮಾಡಿದನು. ಗಮನಿಸಬೇಕಾದ ಅಂಶವೆಂದರೆ ಆ ಮೊದಲ ರೋಗಿಯಲ್ಲಿಯೇ ಜಠರ, ಕರುಳುಗಳು ಸೋಂಕಿಗೆ ಒಳಗಾಗಿದ್ದುವು. ಈ ಶಿಲೀಂಧ್ರದ ಸ್ವಭಾವ ವಿಚಿತ್ರವಾದುದು. ಅದು ರಕ್ತನಾಳವನ್ನು ಹುಡುಕಿಕೊಂಡು ಹೋಗಿ, ಅದರ ಗೋಡೆಯನ್ನು ಭೇದಿಸಿ, ಒಳಗೆ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ನೀರು ನಿಂತ ಕಾಲುವೆಯ ತುದಿಯ ಹೊಲ ಒಣಗುವಂತೆ ಆ ನಾಳವನ್ನು ನಂಬಿದ ಮಾಂಸವೆಲ್ಲ ಸತ್ತು ಕಪ್ಪಾಗುತ್ತದೆ. ಜನರು ಇದನ್ನು ಕಪ್ಪು ಶಿಲೀಂಧ್ರವೆಂದು ಕರೆದರೂ ಶಿಲೀಂಧ್ರವೇನೂ ಕಪ್ಪಲ್ಲ. ಕಪ್ಪಾಗುವುದು ರಕ್ತ ಸಿಗದೆ ಸತ್ತ ನಮ್ಮ ಮಾಂಸ.

ಈ ಹೆಸರು ಕೇಳಿದೊಡನೆ ಓದುಗರಿಗೆ 2021ರ ಬೇಸಿಗೆ ನೆನಪಾಗದಿರದು. ಕೊರೋನಾದ ಎರಡನೆಯ ಅಲೆಯಲ್ಲಿ ಚೇತರಿಸಿಕೊಂಡವರು ಮತ್ತೆ ಕಣ್ಣು ಬಾತು, ಮೂಗು ಕಟ್ಟಿ, ದವಡೆ ನೋಯುತ್ತ ಆಸ್ಪತ್ರೆಗಳಿಗೆ ಬಂದರು. ಆ ವರ್ಷದ ಮೇ ತಿಂಗಳಲ್ಲಿ ಈ ರೋಗವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸುವಂತೆ ಕೇಂದ್ರ ಸರಕಾರವು ರಾಜ್ಯಗಳಿಗೆ ತಿಳಿಸಿತು. ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನ ಪೀಡಿತರಾಗಿದ್ದರು, 4,000ಕ್ಕೂ ಮಿಕ್ಕಿ ಮೃತರಾಗಿದ್ದರು. ಅಂದು ಕಿಮ್ಸ್ ಎಂದು ಹೆಸರಾಗಿದ್ದ ಹುಬ್ಬಳ್ಳಿಯ ವಿದ್ಯಾನಗರದ ಸರಕಾರಿ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬಂದು ಸೇರಿದರು. ಆಂಫೋಟೆರಿಸಿನ್ ಎಂಬ ಚುಚ್ಚುಮದ್ದು ಸಿಗದೆ ಮನೆಯವರು ಊರೂರು ಅಲೆದುದನ್ನು ಯಾರೂ ಮರೆತಿಲ್ಲ. ಆದರೆ ಈ ರೋಗ ಕೊರೋನಾದೊಡನೆ ಬಂದುದೂ ಅಲ್ಲ, ಅದರೊಡನೆ ಹೋದುದೂ ಅಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಅರುಣಾಲೋಕ ಚಕ್ರಬರ್ತಿಯವರೂ ಅವರ ಸಂಗಡಿಗರೂ 1990ರ ದಶಕದ ಹತ್ತು ವರ್ಷಗಳಲ್ಲಿ 129 ರೋಗಿಗಳನ್ನು ಕಂಡಿದ್ದರು. ಮುಂದಿನ ಐದೇ ವರ್ಷಗಳಲ್ಲಿ 178 ರೋಗಿಗಳನ್ನು ಕಂಡರು. ಸಿಹಿಮೂತ್ರ ಹೆಚ್ಚಿದಂತೆ ಇದೂ ಹೆಚ್ಚುತ್ತ ನಡೆದಿತ್ತು.

ಮೂಗು, ಕಣ್ಣು, ಮಿದುಳಿನ ಮ್ಯೂಕರ್ ಹೊರಗೆ ಕಾಣುತ್ತದೆ. ಹೊಟ್ಟೆಯದು ಕಾಣುವುದಿಲ್ಲ. ಅಮೆರಿಕೆಯ ವೈದ್ಯರು 2005ರಲ್ಲಿ ಅದುವರೆಗೆ ಜಗತ್ತಿನಲ್ಲಿ ವರದಿಯಾಗಿದ್ದ 929 ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿದಾಗ ಜೀರ್ಣಾಂಗಗಳ ಸೋಂಕು ನೂರಕ್ಕೆ 7ರಷ್ಟು ಮಾತ್ರ ಇತ್ತು. ಆದರೆ ಅಂಥವರಲ್ಲಿ ನೂರಕ್ಕೆ 85 ಮಂದಿ ಬದುಕಲಿಲ್ಲ. ಮೂಗಿನ ರೋಗಿಗಿಂತ ಹೊಟ್ಟೆಯ ರೋಗಿ ಹೆಚ್ಚು ಸಾಯುವುದೇಕೆ? ಶಿಲೀಂಧ್ರವು ಅಲ್ಲಿ ಹೆಚ್ಚು ಕ್ರೂರವೆಂದಲ್ಲ. ಅಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ, ಹುಡುಕುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಜಠರವೂ ಆಮೇಲೆ ದೊಡ್ಡ ಕರುಳೂ ಇದಕ್ಕೆ ತುತ್ತಾಗುತ್ತವೆ. ಸಿಹಿಮೂತ್ರ, ಅವಯವ ಕಸಿ, ರಕ್ತದ ಕ್ಯಾನ್ಸರು, ತೀವ್ರ ಅಪೌಷ್ಟಿಕತೆ ಇವು ಪ್ರಮುಖ ಹಿನ್ನೆಲೆಗಳು. ಇವಾವುವೂ ಇಲ್ಲದೆ ಬಹುಕಾಲದ ಮದ್ಯಪಾನವೊಂದೇ ಕಂಡುಬಂದ ರೋಗಿಗಳ ವೃತ್ತಾಂತಗಳೂ ವೈದ್ಯ ಪತ್ರಿಕೆಗಳಲ್ಲಿ ಬಂದಿವೆ. ಮೆಕ್ಕೆಜೋಳದಿಂದ ಇಳಿಸಿದ ಮದ್ಯ, ಹುದುಗಿಸಿದ ಗಂಜಿ ಇವುಗಳ ಮೂಲಕವೂ ಬೀಜಾಣುಗಳು ಜಠರ ಸೇರಬಹುದೆಂದು ವೈದ್ಯಗ್ರಂಥಗಳು ಹೇಳುತ್ತವೆ.

ಕಾಲ ಮಿಂಚುವುದು ಹೇಗೆಂಬುದನ್ನು ತಿಳಿಯಲು ನಮ್ಮ ಭಾಗದ ಯಾವ ಊರಿನಲ್ಲಾದರೂ ಇರಬಹುದಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ನಿತ್ಯವೂ ಲಿಂಗಪೂಜೆ ನಡೆಯುವ, ಜಂಗಮರನ್ನು ಕರೆದು ಪ್ರಸಾದ ನೀಡುವ ಸದ್ಗೃಹಸ್ಥರ ಮನೆ. ಯಜಮಾನನಿಗೆ ನಲವತ್ತೈದರ ಪ್ರಾಯ. ಹದಿನೈದು ವರ್ಷಗಳಿಂದ ಸಂಜೆಯಾದರೆ ಪೇಟೆಯಲ್ಲಿ ಕುಳಿತು ಕುಡಿದೇ ಬರುತ್ತಾನೆ. ಹೆಂಡತಿಗೆ ಗೊತ್ತು, ತಾಯಿಗೆ ಗೊತ್ತು, ಮಕ್ಕಳಿಗೂ ಗೊತ್ತು. ಆದರೆ ಯಾರ ಬಾಯಲ್ಲೂ ಆ ಮಾತಿಲ್ಲ. ಬೀಗರ ಮುಂದೆ "ಯಜಮಾನರಿಗೆ ವ್ಯಾಪಾರದ ಕೆಲಸ ಬಹಳ" ಎನ್ನುತ್ತಾರೆ. ವಾರದಿಂದ ಅವನಿಗೆ ಮೇಲ್ಹೊಟ್ಟೆಯಲ್ಲಿ ಉರಿ, ನೋವು. ಅದಕ್ಕೆ ನಮ್ಮಲ್ಲಿ ಒಂದೇ ಹೆಸರು: ಗ್ಯಾಸ್ಟ್ರಿಕ್. ಅಂಗಡಿಯಿಂದ ಆಮ್ಲ ತಗ್ಗಿಸುವ ಮಾತ್ರೆ ಬರುತ್ತದೆ. ಮೈಕೈ ನೋವಿಗೆ ಇನ್ನೊಂದು ಮಾತ್ರೆ. ಮೊದಲನೆಯದು ಜಠರದ ಆಮ್ಲವೆಂಬ ಕಾವಲನ್ನು ಇಳಿಸುತ್ತದೆ, ಎರಡನೆಯದು ಹುಣ್ಣನ್ನು ಅಗಲಿಸುತ್ತದೆ. ನೋವಿನ ಮಾತ್ರೆಯೊಡನೆ ಸ್ಟೆರಾಯ್ಡ್ ಸೇರಿದ್ದರಂತೂ ಬಿಳಿ ರಕ್ತಕಣಗಳ ಕೈ ಕಟ್ಟಿದಂತೆಯೇ. ನಾವು ಮೇಲೆ ಹೇಳಿದ ನಾಲ್ಕನೆಯ ಬದಿ ಇದೇ. ಆಮ್ಲದ ಮಾತ್ರೆ ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ವೈದ್ಯರು ನೋಡಿ ಕೊಟ್ಟರೆ ಅದು ಜೀವ ಉಳಿಸುವ ಔಷಧ. ಹೇಳದೆ ಕೇಳದೆ ತಿಂಗಳುಗಟ್ಟಲೆ ನುಂಗುವುದು ಬೇರೆ ಮಾತು.

ಮುಂದಿನ ವಾರ ವಾಂತಿ ಶುರುವಾಗುತ್ತದೆ. ಕಾಫಿಯ ಗಸಿಯಂತೆ ಕಂದುಗಪ್ಪು ಬಣ್ಣ. ಮಲವು ಡಾಂಬರಿನಂತೆ ಕರ್ರಗೆ, ಅಂಟಂಟಾಗಿ ಹೋಗುತ್ತದೆ. ಇವೆರಡೂ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಗುರುತುಗಳು. ಜ್ವರವೂ ಬರಬಹುದು. ಈಗ ಆಸ್ಪತ್ರೆಗೆ ಒಯ್ಯುತ್ತಾರೆ. ಎಳೆಯ ವೈದ್ಯನೊಬ್ಬ ಕೇಳುತ್ತಾನೆ: "ಕುಡಿಯುವ ರೂಢಿ ಇದೆಯೇನು?" ತಾಯಿ ಮುಂದೆ ಬಂದು, "ಇಲ್ಲರೀ ಸಾಹೇಬರ, ನಮ್ಮದು ಲಿಂಗವಂತರ ಮನಿ" ಎನ್ನುತ್ತಾಳೆ. ಹೆಂಡತಿ ತಲೆ ತಗ್ಗಿಸುತ್ತಾಳೆ. ವೈದ್ಯನು ಹಾಳೆಯಲ್ಲಿ "ಇಲ್ಲ" ಎಂದು ಬರೆದುಕೊಳ್ಳುತ್ತಾನೆ.

ಆ ಒಂದು ಪದದಿಂದ ಏನೇನಾಗುತ್ತದೆಂಬುದನ್ನು ತಾಯಂದಿರು ತಿಳಿಯಬೇಕು. ವೈದ್ಯನು ಸಾಮಾನ್ಯ ಹುಣ್ಣೆಂದು ಭಾವಿಸುತ್ತಾನೆ. ಬಿ-1 ಜೀವಸತ್ವದ ಚುಚ್ಚುಮದ್ದನ್ನು ಕೊಡುವ ಯೋಚನೆ ಅವನಿಗೆ ಬಾರದು. ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಕುಡಿತದಿಂದ ಸೊರಗಿದವನ ಮಿದುಳಿಗೆ ಶಾಶ್ವತ ಹಾನಿಯಾಗಬಲ್ಲದು. ಎರಡು ಮೂರು ದಿನಗಳ ಬಳಿಕ, ಮದ್ಯ ಸಿಗದ ದೇಹವು ನಡುಗತೊಡಗಿ, ಬೆವರಿ, ಇಲ್ಲದ್ದನ್ನು ಕಂಡು ಕೂಗಾಡತೊಡಗಿದರೆ, ಅದನ್ನು ಸೋಂಕಿನ ಸನ್ನಿಯೆಂದು ಬಗೆದು ಬೇರೆ ದಾರಿ ಹಿಡಿಯುತ್ತಾನೆ. ಶಿಲೀಂಧ್ರದ ಅನುಮಾನವಂತೂ ಅವನ ಮನಸ್ಸಿನ ಹತ್ತಿರವೂ ಸುಳಿಯದು. ಮನೆಯ ಮರ್ಯಾದೆಯನ್ನು ಕಾಯಲು ಆಡಿದ ಸುಳ್ಳನ್ನು ನಾವು ಹಳಿಯುವುದಿಲ್ಲ. ಅದರ ಹಿಂದೆ ಆ ತಾಯಿ ಎಷ್ಟು ವರ್ಷ ನುಂಗಿಕೊಂಡ ಸಂಕಟವಿದೆಯೆಂಬುದನ್ನು ಬಲ್ಲೆವು. ಆದರೆ ಪುರುಷರೆದುರು ಹೇಳಲು ಸಂಕೋಚವಾದರೆ ವೈದ್ಯನನ್ನಾಗಲಿ ದಾದಿಯನ್ನಾಗಲಿ ಬದಿಗೆ ಕರೆದು ಹೇಳಬಹುದು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಈ ಮೂರು ಮಾತು ಸಾಕು. ವೈದ್ಯನಿಗೆ ಹೇಳಿದ್ದು ವೈದ್ಯನಲ್ಲೇ ಉಳಿಯುತ್ತದೆ. ಹಾಗೆ ಉಳಿಸಿಕೊಳ್ಳುವುದು ಅವನ ವೃತ್ತಿಧರ್ಮ.

ಸತ್ಯ ತಿಳಿದ ವೈದ್ಯನು ಏನು ಮಾಡುತ್ತಾನೆ? ಬಾಯಿಯ ಮೂಲಕ ತೆಳ್ಳನೆಯ ನಳಿಕೆ ಇಳಿಸಿ ಜಠರದ ಒಳಭಾಗವನ್ನು ಕಣ್ಣಾರೆ ನೋಡುತ್ತಾನೆ, ಇದೇ ಎಂಡೋಸ್ಕೋಪಿ. ಸಾಧಾರಣ ಹುಣ್ಣಿನ ತಳ ಬಿಳುಪಾಗಿ, ಶುಚಿಯಾಗಿ ತೋರುವುದುಂಟು. ಮ್ಯೂಕರ್ ಹುಣ್ಣು ದೊಡ್ಡದಾಗಿ, ಹಸುರುಗಪ್ಪು ಇಲ್ಲವೆ ಬೂದುಬಣ್ಣದ ಸತ್ತ ಮಾಂಸದಿಂದ ಮುಚ್ಚಿರುತ್ತದೆ. ನೋಡಿದವರು ಮೊದಲು ಕ್ಯಾನ್ಸರೆಂದೇ ಶಂಕಿಸುವುದೂ ಉಂಟು. ಆದುದರಿಂದ ಚಿಮ್ಮಟದಿಂದ ಮಾಂಸದ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನಮ್ಮ ಜನ ಬಯಾಪ್ಸಿ ಎಂದರೆ ಹೆದರುತ್ತಾರೆ. "ಚಾಕು ಮುಟ್ಟಿಸಿದರೆ ರೋಗ ಹಬ್ಬುತ್ತದೆ" ಎಂಬ ಮಾತು ಹಳ್ಳಿಗಳಲ್ಲಷ್ಟೇ ಅಲ್ಲ, ಓದಿದವರಲ್ಲೂ ಇದೆ. ಇದು ನಿರಾಧಾರವಾದ ಭಯ. ಈ ರೋಗದಲ್ಲಿ ಆ ಅಕ್ಕಿಕಾಳಿನಷ್ಟು ಚೂರಿನ ಹೊರತು ನಿಶ್ಚಿತವಾಗಿ ಹೇಳಬಲ್ಲ ದಾರಿ ಬೇರೆಯಿಲ್ಲ.

ತೆರೆಯ ಮರೆಯ ಕೆಲಸವೊಂದನ್ನು ಇಲ್ಲಿ ಹೇಳದೆ ಇರಲಾರೆವು. ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ರೋಗಶಾಸ್ತ್ರಜ್ಞರನ್ನು ರೋಗಿಯಾಗಲಿ ಅವನ ಮನೆಯವರಾಗಲಿ ಎಂದೂ ನೋಡಿರುವುದಿಲ್ಲ. ಅವರು ಹುಡುಕುವುದು ಅಗಲವಾದ, ರಿಬ್ಬನ್ನಿನಂತೆ ಮಡಿಚಿಕೊಂಡ, ಒಳಗೆ ಅಡ್ಡಗೋಡೆಗಳಿಲ್ಲದ, ಹೆಚ್ಚುಕಡಿಮೆ ಕಾಟಕೋನದಲ್ಲಿ ಕವಲೊಡೆದ ಎಳೆಗಳನ್ನು. ಬೇರೆ ಶಿಲೀಂಧ್ರಗಳ ಎಳೆಗಳು ಸಣ್ಣವು, ಗಂಟುಗಂಟಾದವು. ಹುಣ್ಣಿನ ಮೇಲೆ ಎಳೆಗಳು ಸುಮ್ಮನೆ ಬಿದ್ದುಕೊಂಡಿದ್ದರೆ ಅದು ಬಿಟ್ಟಿ ಅತಿಥಿ. ಮಾಂಸದೊಳಗೆ, ರಕ್ತನಾಳದ ಗೋಡೆಯೊಳಗೆ ಹೊಕ್ಕಿದ್ದರೆ ಮಾತ್ರ ಆಕ್ರಮಣ. ಈ ಭೇದವನ್ನು ತಪ್ಪದೆ ಹೇಳುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಏಕೆಂದರೆ ಔಷಧಗಳು ಒಂದಕ್ಕೊಂದು ಬೇರೆ. ಕ್ಯಾಂಡಿಡಾಕ್ಕೆ ನಾಟುವ ಫ್ಲುಕೋನಜೋಲ್ ಮ್ಯೂಕರ್‌ಗೆ ತಾಗುವುದೇ ಇಲ್ಲ. ಅದಕ್ಕೆ ಆಂಫೋಟೆರಿಸಿನ್ ಬೇಕು. 1950ರ ದಶಕದಲ್ಲಿ ದಕ್ಷಿಣ ಅಮೆರಿಕೆಯ ವೆನೆಜುವೆಲಾ ದೇಶದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ ತೆಗೆದ ಔಷಧವಿದು; ಬೂಷ್ಟೂ ಮಣ್ಣಿನದು, ಅದರ ಮದ್ದೂ ಮಣ್ಣಿನದು. ಮೊದಲಿನ ರೂಪದಲ್ಲಿ ಇದು ಮೂತ್ರಪಿಂಡಗಳನ್ನು ಬಹಳ ಬಾಧಿಸುತ್ತಿತ್ತು. ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿ ಅಡಗಿಸಿದ ಈಗಿನ ರೂಪವು ಹೆಚ್ಚು ಸಹ್ಯ, ಆದರೆ ಬೆಲೆಯೂ ಹೆಚ್ಚು. ವಾರಗಟ್ಟಲೆ ರಕ್ತನಾಳದ ಮೂಲಕ ಕೊಡುತ್ತ, ಮೂತ್ರಪಿಂಡದ ಸ್ಥಿತಿಯನ್ನೂ ರಕ್ತದಲ್ಲಿನ ಪೊಟಾಸಿಯಂ ಪ್ರಮಾಣವನ್ನೂ ಪದೇಪದೇ ನೋಡಬೇಕು. ಔಷಧವೊಂದೇ ಸಾಲದು. ರಕ್ತ ಹರಿಯದ ಸತ್ತ ಮಾಂಸಕ್ಕೆ ರಕ್ತದ ಮೂಲಕ ಬರುವ ಮದ್ದು ತಲಪುವುದೆಂತು? ಆದುದರಿಂದ ಶಸ್ತ್ರಚಿಕಿತ್ಸಕರು ಸತ್ತ ಭಾಗವನ್ನು, ಕೆಲವೊಮ್ಮೆ ಜಠರದ ಬಹುಭಾಗವನ್ನೇ ತೆಗೆದುಹಾಕಬೇಕಾಗುತ್ತದೆ. ಗೋಡೆ ತೂತಾಗಿ ಜಠರದಲ್ಲಿದ್ದುದು ಹೊಟ್ಟೆಯೊಳಗೆ ಚೆಲ್ಲಿದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಗೂ ಅದಕ್ಕೆ ಮೊದಲು ಮಾಡುವುದಕ್ಕೂ ಬದುಕು ಸಾವಿನ ಅಂತರವಿದೆ. ಗುಣದ ದಾರಿಗೆ ಬಿದ್ದವರಿಗೆ ಮುಂದೆ ಪೋಸಕೋನಜೋಲ್ ಮಾತ್ರೆಗಳು ತಿಂಗಳುಗಳ ಕಾಲ ನಡೆಯುತ್ತವೆ.

ಮದ್ಯದಿಂದ ಯಕೃತ್ತು ಬಾತು ಕಾಮಾಲೆಯಾದವರ ವಿಷಯದಲ್ಲಿ ಇನ್ನೊಂದು ಇಕ್ಕಟ್ಟಿದೆ. ಅಂಥವರಲ್ಲಿ ಸ್ಥಿತಿ ತೀವ್ರವಾದಾಗ ವೈದ್ಯರು ಆಯ್ದ ರೋಗಿಗಳಿಗೆ ಸ್ಟೆರಾಯ್ಡ್ ಕೊಡುತ್ತಾರೆ; ಅದೇ ಔಷಧವು ಶಿಲೀಂಧ್ರಕ್ಕೂ ಬಾಗಿಲು ತೆರೆಯಬಹುದು. ಬೆಲ್ಜಿಯಂ ದೇಶದ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 94 ರೋಗಿಗಳ ಪೈಕಿ 15 ಮಂದಿಗೆ ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರ ಒಳಹೊಕ್ಕಿತ್ತು, ಹೆಚ್ಚಾಗಿ ಶ್ವಾಸಕೋಶಗಳಿಗೆ. 2017ರಲ್ಲಿ ಅಮೆರಿಕೆಯಿಂದ ಬಂದ ಸಂಶೋಧನೆಯು ಮತ್ತೂ ಸೋಜಿಗದ್ದು. ಕುಡಿತಕ್ಕೆ ದಾಸರಾದವರ ಕರುಳಿನಲ್ಲಿ ಶಿಲೀಂಧ್ರಗಳ ವೈವಿಧ್ಯ ಕುಗ್ಗಿ ಕ್ಯಾಂಡಿಡಾವೊಂದೇ ಮಿತಿಮೀರಿ ಬೆಳೆದಿರುವುದೂ, ಅದರ ಕೋಶದ ಗೋಡೆಯ ಅಂಶಗಳು ಸೋರುವ ಕರುಳಿನಿಂದ ಯಕೃತ್ತಿಗೆ ಸೇರಿ ಅದನ್ನು ಇನ್ನಷ್ಟು ಉರಿಸಬಲ್ಲವೆಂಬುದೂ ಅದರಿಂದ ತಿಳಿದುಬಂತು. ಯಕೃತ್ತನ್ನು ಕೆಡಿಸುವಲ್ಲಿ ಮದ್ಯಕ್ಕೆ ಹೊಟ್ಟೆಯ ಬೂಷ್ಟು ಸಹಾಯಕನಾಗಿ ನಿಲ್ಲುತ್ತದೆಂದಾಯಿತು.

ಪ್ರಸಂಗವಶಾತ್ ಒಂದು ಮಾತು. ಹೊಟ್ಟೆಯಲ್ಲಿ ಗಡ್ಡೆಯಂತೆ ಬೆಳೆದು ಕ್ಯಾನ್ಸರೆಂದು ಮೋಸಗೊಳಿಸುವ ಬೇಸಿಡಿಯೊಬೋಲಸ್ ಎಂಬ ಶಿಲೀಂಧ್ರವೂ ಉಂಟು. ಕಪ್ಪೆ, ಹಲ್ಲಿಗಳ ಹಿಕ್ಕೆಯಲ್ಲಿ ಅದು ವಾಸಿಸುತ್ತದೆ. ಅದಕ್ಕೆ ಕುಡಿತದ ಹಂಗಿಲ್ಲ, ಮಕ್ಕಳಿಗೂ ಬರುತ್ತದೆ. ಹೊಟ್ಟೆಯಲ್ಲಿ ಶಿಲೀಂಧ್ರ ಕಂಡಿತೆಂದ ಮಾತ್ರಕ್ಕೆ ರೋಗಿಯನ್ನು ಕುಡುಕನೆಂದು ಜರೆಯಬಾರದೆಂದು ಇದನ್ನು ಹೇಳಿದೆವು.

ಇನ್ನು ಕುಡಿತ ಬಿಡಿಸುವ ಮಾತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಯಿತು, ಕುಡಿತ ಹೋಗಲಿಲ್ಲ. ಅದು ಅಗ್ಗದ ಬಾಟಲಿಗೂ ಕಾಗದದ ಪೊಟ್ಟಣಕ್ಕೂ ವರ್ಗವಾಯಿತೆಂಬುದನ್ನು ಎಲ್ಲರೂ ಬಲ್ಲರು. ಬೇಸತ್ತ ಹೆಂಗಳೆಯರು ಈಗ ಇನ್ನೊಂದು ದಾರಿ ಹಿಡಿದಿದ್ದಾರೆ: ಊಟದಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ". ಇದರಲ್ಲಿ ಏನಿದೆಯೆಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಔಷಧವಿದ್ದರೆ, ತಿಳಿಯದೆ ಅದರ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ಭೀಕರ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಮೊದಲೇ ಹುಣ್ಣಾದ ಅನ್ನನಾಳ ಆ ವಾಂತಿಯ ರಭಸಕ್ಕೆ ಹರಿಯಲೂಬಹುದು. ಆ ಔಷಧವನ್ನು ರೋಗಿಯ ಒಪ್ಪಿಗೆ ಪಡೆದು, ಯಕೃತ್ತನ್ನು ಪರೀಕ್ಷಿಸಿ, ವೈದ್ಯರು ಮಾತ್ರ ಕೊಡಬೇಕು.

ಗುಟ್ಟಿನ ಎದುರು ದಾರಿಯೊಂದನ್ನು ನಮ್ಮ ಕಾಲದಲ್ಲಿಯೇ ತೋರಿದವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ ಕಾಳುಕಡಿಯ ಬದಲು ದುಶ್ಚಟಗಳನ್ನು ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಜನಿಸಿದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಜೋಳಿಗೆಯ ಬಲವು ಪೂಜ್ಯರ ತಪಸ್ಸಿನಲ್ಲಿದ್ದಂತೆಯೇ ಇನ್ನೊಂದರಲ್ಲಿಯೂ ಇತ್ತೆಂದು ನಮಗೆ ತೋರುತ್ತದೆ. ನಾಲ್ಕು ಜನರ ಮುಂದೆ "ನನಗೆ ಈ ಚಟವಿದೆ" ಎಂದು ಒಪ್ಪದೆ ಅದನ್ನು ಜೋಳಿಗೆಗೆ ಹಾಕುವಂತಿರಲಿಲ್ಲ. ಮಠದಲ್ಲಿ ಹಾಗೆ ಒಪ್ಪಲು ಸಾಧ್ಯವಾದರೆ ಆಸ್ಪತ್ರೆಯಲ್ಲಿ ಒಪ್ಪುವುದು ಅವಮಾನ ಹೇಗಾದೀತು?

ಆದರೆ ಬಹುಕಾಲ, ಬಹಳ ಕುಡಿದವರು ಪ್ರತಿಜ್ಞೆ ಮಾಡಿ ಒಮ್ಮೆಲೇ ಬಿಟ್ಟು ಮನೆಯಲ್ಲಿ ಮಲಗುವುದು ಅಪಾಯಕರ. ನಡುಕ, ಫಿಟ್ಸ್, ಭ್ರಾಂತಿ ಇವು ಎರಡರಿಂದ ನಾಲ್ಕು ದಿನಗಳೊಳಗೆ ಬರಬಹುದು; ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಂತಿಕ. ಜೋಳಿಗೆಗೆ ಹಾಕಿದ ದಿನವೇ ವೈದ್ಯರ ಬಳಿಗೂ ಹೋಗಬೇಕು. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಇರುವ ಮನೋರೋಗ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಮದ್ಯವ್ಯಸನದ ಚಿಕಿತ್ಸೆಗೆ ನಮ್ಮ ಭಾಗದವರು ದೂರ ಹೋಗಬೇಕಾದುದಿಲ್ಲ. ಅಲ್ಲಿಗೆ ಹೋಗುವವರೆಲ್ಲ ಹುಚ್ಚರೆಂಬ ಹಳೆಯ ಹಾಸ್ಯವನ್ನು ಇನ್ನಾದರೂ ಬಿಡೋಣ. ಹೋಗಲು ಮನಸ್ಸು ಗಟ್ಟಿಯಾಗದವರು 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಗೂ, 14416 ಎಂಬ ಟೆಲಿ ಮಾನಸ್ ಸಹಾಯವಾಣಿಗೂ ವೆಚ್ಚವಿಲ್ಲದೆ ದೂರವಾಣಿ ಮಾಡಬಹುದು. ಕುಡಿಯುವವನೇ ಮಾಡಬೇಕೆಂದಿಲ್ಲ, ಹೆಂಡತಿ ಮಕ್ಕಳೂ ಮಾಡಬಹುದು.

ಕುಡಿಯುವ ರೂಢಿಯುಳ್ಳವರಿಗೆ ತುತ್ತು ನುಂಗುವಾಗ ನೋವು, ವಾರಕ್ಕೆ ಮೀರಿದ ಮೇಲ್ಹೊಟ್ಟೆಯ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವು ಕಂಡರೆ ಆ ವಾರದೊಳಗೆ, ಕಪ್ಪು ವಾಂತಿ ಇಲ್ಲವೆ ಕಪ್ಪು ಮಲ, ಹೊಟ್ಟೆ ಹಲಗೆಯಂತೆ ಬಿಗಿಯುವುದು, ಜ್ವರದೊಡನೆ ಹೊಟ್ಟೆನೋವು ಇವು ಕಂಡರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಬೈರಿದೇವರಕೊಪ್ಪದ ನಮಗೆ ಒಂದು ಕಡೆ ವಿದ್ಯಾನಗರದ ಸರಕಾರಿ ಆಸ್ಪತ್ರೆ, ಇನ್ನೊಂದು ಕಡೆ ಸತ್ತೂರಿನ ಎಸ್.ಡಿ.ಎಂ. ಆಸ್ಪತ್ರೆ, ಎರಡೂ ಬಸ್ಸಿನ ದಾರಿಯಲ್ಲಿಯೇ ಇವೆ. ಹೊರಡುವಾಗ ಹಿಂದಿನ ಔಷಧ ಚೀಟಿಗಳನ್ನೂ, ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳ ಖಾಲಿ ಹಾಳೆಗಳನ್ನೂ, ಪುಡಿ ಕೊಡುತ್ತಿದ್ದುದಾದರೆ ಆ ಪೊಟ್ಟಣವನ್ನೂ ತಪ್ಪದೆ ಚೀಲದಲ್ಲಿ ಹಾಕಿಕೊಳ್ಳಬೇಕು.